‘ಹಳೆ ಮಾತ್ರೆಗೆ ನನ್ನ ಎದೆ ಗೊತ್ತಿತ್ತು’

ಹೃದಯದ ಮಾತ್ರೆ ಬದಲಾದ ಮೇಲೆ ಹೆದರಿ ಕೂತವರನ್ನು ಮನೆಯವರು ನನ್ನ ಹತ್ತಿರ ಕರೆತರುತ್ತಾರೆ. ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ಎಲ್ಲಾ ಟೆನ್ಷನ್ ಮೇಡಂ, ಸ್ವಲ್ಪ ಧೈರ್ಯ ಹೇಳಿ.’ ಧೈರ್ಯ ಹೇಳುವುದು ಆಪ್ತಸಲಹೆಗಾರರ ಮೊದಲ ಕೆಲಸ ಎಂದು ನಾನು ಒಪ್ಪುವುದಿಲ್ಲ. ಭಯ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು. ಕೇಳದೆ ಧೈರ್ಯ ಹೇಳಿದರೆ ಏನಾಗಬಹುದಿತ್ತು ಎನ್ನುವುದಕ್ಕೆ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮಾತ್ರೆಗಳ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಅರವತ್ತರ ಆಸುಪಾಸಿನ ಹೆಂಗಸು. ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಇದೆ ಎಂದು ಗೊತ್ತಾಗಿ ವರ್ಷಗಳಾಗಿದ್ದವು. ಮೆಟ್ಟಿಲು ಹತ್ತಿದರೆ, ಬೇಗ ಬೇಗ ನಡೆದರೆ ಎದೆ ಹಿಂಡಿದಂತಾಗುತ್ತಿತ್ತು. ನಿಂತು ಸುಧಾರಿಸಿಕೊಂಡರೆ ಕೆಲವೇ ನಿಮಿಷದಲ್ಲಿ ಹೋಗುತ್ತಿತ್ತು. ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ಅದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಈಚೆಗೆ ಅವರಿಗೆ ಉಬ್ಬಸ ಶುರುವಾಯಿತು. ಈ ಗುಂಪಿನ ಮಾತ್ರೆಗಳು ಉಬ್ಬಸ ಇರುವವರ ಶ್ವಾಸನಾಳವನ್ನು ಇನ್ನಷ್ಟು ಬಿಗಿ ಮಾಡಬಲ್ಲವು. ಹಾಗಾಗಿ ಡಾಕ್ಟರು ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ನಿಲ್ಲಿಸಿ, ಆಂಜೈನಾಕ್ಕೇ ಕೊಡುವ ಬೇರೆ ಗುಂಪಿನ ಮಾತ್ರೆ ಡಿಲ್ಟಿಯಾಜೆಮ್ ಕೊಟ್ಟರು. ಕಾರಣ ಇದ್ದೇ ಮಾಡಿದ ಬದಲಾವಣೆ ಅದು.

ಆಮೇಲೆ ತಲೆಸುತ್ತು. ಸುಸ್ತು. ಹೊರಗೆ ಹೆಜ್ಜೆ ಇಡಲು ಭಯ. ಹಳೆಯದನ್ನೇ ಕೊಡಿ ಎಂಬ ಹಟ. ಮಗನಿಗೆ ಸಾಕಾಗಿತ್ತು. ‘ಹೊಸ ಮಾತ್ರೆ ಒಗ್ಗಲ್ಲ ಅಂತ ಅಮ್ಮನ ತಲೇಲಿ ಕೂತುಬಿಟ್ಟಿದೆ’ ಎಂದ. ಮೊದಮೊದಲು ಅವರು ನನ್ನ ಮುಂದೆ ಹೆಚ್ಚು ಮಾತಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೆ.

ಎಲ್ಲರೂ ಅವರನ್ನು ಹೊಸ ಮಾತ್ರೆಯ ಬಗ್ಗೆಯೇ ಕೇಳುತ್ತಿದ್ದರು. ಏನಾಗುತ್ತೆ, ಎಷ್ಟು ಹೊತ್ತಿಗಾಗುತ್ತೆ, ಯಾಕೆ ಬೇಡ. ಒಂದು ದಿನ ನಾನು ಹಳೆಯದರ ಬಗ್ಗೆ ಕೇಳಿದೆ.

‘ಅಮ್ಮ, ಹಳೆ ಮಾತ್ರೆ ತಗೊಳ್ಳುವಾಗ ಹೇಗಿತ್ತು?’

ಅವರ ಮುಖ ಸ್ವಲ್ಪ ಸಡಿಲಾಯಿತು. ‘ಹಳೆ ಮಾತ್ರೆಗೆ ನನ್ನ ಎದೆ ಗೊತ್ತಿತ್ತು ಮೇಡಂ. ಇಷ್ಟು ವರ್ಷ ಕಾಪಾಡಿದೆ. ಇದು ಯಾರೋ ಏನೋ.’

‘ಅದನ್ನು ಬಿಟ್ಟ ಮೇಲೆ ರಾತ್ರಿ ಹೇಗೆ ಕಳೀತೀರಿ?’

ಅವರು ಮಗನ ಕಡೆ ನೋಡಿದರು. ಆ ನೋಟ ನನಗೆ ಸಾಕಾಯಿತು. ಸ್ವಲ್ಪ ಹೊರಗೆ ಕೂತಿರಪ್ಪ ಎಂದು ಮಗನಿಗೆ ಹೇಳಿದೆ. ಬಾಗಿಲು ಹಾಕಿಕೊಂಡಿತು. ಅವರು ತಲೆ ತಗ್ಗಿಸಿ ಹೇಳಿದರು:

‘ಬಿಟ್ಟಿದ್ರೆ ತಾನೇ ಮೇಡಂ.’

ಬ್ಯಾಗಿನ ಒಳಜೇಬಿನಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮೆಟೊಪ್ರೊಲಾಲ್. ಉಳಿದಿದ್ದವನ್ನು ಎತ್ತಿಟ್ಟುಕೊಂಡಿದ್ದರು. ಮುಗಿದಾಗ ಹಳೇ ಚೀಟಿ ತೋರಿಸಿ ತರಿಸಿಕೊಂಡಿದ್ದರು. ‘ದಿನಾ ಅಲ್ಲ. ಎದೆ ಬಡ್ಕೊಂಡ ರಾತ್ರಿ ಮಾತ್ರ ಒಂದು.’ ಎಂಥ ರಾತ್ರಿಗಳು ಎಂದು ಕೇಳಿದೆ. ‘ಈಗೀಗ ಎಲ್ಲಾ ರಾತ್ರೀನೂ ಹಾಗೇ ಇರುತ್ತಲ್ಲ.’ ಹಗಲು ಡಾಕ್ಟರು ಕೊಟ್ಟಿದ್ದು, ರಾತ್ರಿ ತಮ್ಮದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿತ್ತು. ಅದರಲ್ಲಿ ನಾಡಿ 42, 44 ತೋರಿಸುತ್ತಿತ್ತಂತೆ. ಹೊಸ ಮಾತ್ರೆ ತಮ್ಮ ಹೃದಯವನ್ನು ನಿಲ್ಲಿಸುತ್ತಿದೆ ಎಂದು ಅವರು ತಿಳಿದಿದ್ದರು. ಆ ಭಯಕ್ಕೇ ಇನ್ನೊಂದು ಹಳೆಯದನ್ನು ನುಂಗುತ್ತಿದ್ದರು.

ಡಿಲ್ಟಿಯಾಜೆಮ್ ಮತ್ತು ಮೆಟೊಪ್ರೊಲಾಲ್ ಎರಡೂ ಹೃದಯದ ಬಡಿತವನ್ನು ನಿಧಾನ ಮಾಡುತ್ತವೆ. ಬಡಿತಕ್ಕೆ ಸೂಚನೆ ಕೊಡುವ ವಿದ್ಯುತ್ ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯುವ ಜಾಗದಲ್ಲೂ ಎರಡೂ ತಡೆ ಹಾಕುತ್ತವೆ. ಎರಡೂ ಸೇರಿದರೆ ನಾಡಿ ತುಂಬಾ ಇಳಿಯಬಹುದು, ರಕ್ತದೊತ್ತಡ ಬೀಳಬಹುದು, ಸಂಕೇತ ಅರ್ಧದಲ್ಲೇ ನಿಂತು ಹಾರ್ಟ್ ಬ್ಲಾಕ್ ಆಗಬಹುದು. ಅಪರೂಪಕ್ಕೆ ತಜ್ಞರು ಕಣ್ಣಿಟ್ಟುಕೊಂಡು ಎರಡನ್ನೂ ಕೊಡುವುದುಂಟು. ಮನೆಯಲ್ಲಿ ಗುಟ್ಟಾಗಿ ನುಂಗುವುದು ಬೇರೆಯೇ ವಿಷಯ. ಆ ತಲೆಸುತ್ತು ಅವರ ತಲೆಯಲ್ಲಿ ಹುಟ್ಟಿದ್ದಲ್ಲ. ಹೊಸ ಮಾತ್ರೆಯೊಂದರ ತಪ್ಪೂ ಅಲ್ಲ. ಅವರ ಮೈ ನಿಜವನ್ನೇ ಹೇಳುತ್ತಿತ್ತು.

ನಾನು ಅಲ್ಲಿ ಉಪದೇಶ ಮಾಡಲಿಲ್ಲ. ‘ಅಮ್ಮ, ಇದನ್ನ ಈಗಲೇ ನಿಮ್ಮ ಡಾಕ್ಟರಿಗೆ ಹೇಳಬೇಕು. ನಾನು ಫೋನ್ ಹಚ್ಚಲಾ?’ ಎಂದೆ.

‘ಬೈತಾರೆ.’

‘ಬೈದರೆ ನಾನು ಕೇಳಿಸ್ಕೋತೀನಿ. ನೀವು ಮಾತ್ರೆ ಹೆಸರು, ಕೊನೆಗೆ ಯಾವಾಗ ತಗೊಂಡ್ರಿ, ಅಷ್ಟು ಹೇಳಿ ಸಾಕು.’

ಸ್ಪೀಕರ್ ಹಾಕಿದೆ. ಡಾಕ್ಟರು ಬೈಯಲಿಲ್ಲ. ನಾಡಿ ಎಷ್ಟು, ಕಣ್ಣು ಕತ್ತಲೆ ಬಂದಿತ್ತಾ, ಬಿದ್ದಿದ್ದೀರಾ ಎಂದು ಕೇಳಿದರು. ಆಮೇಲೆ ಈಗಲೇ ಬನ್ನಿ, ನಡೆದು ಬರಬೇಡಿ ಎಂದರು. ಅವತ್ತೇ ಇಸಿಜಿ ಆಯಿತು. ನಿಗಾದಲ್ಲಿಟ್ಟು ನೋಡಿ, ಹಳೆಯದನ್ನು ಪೂರ್ತಿ ನಿಲ್ಲಿಸಿ, ಹೊಸದರ ಪ್ರಮಾಣವನ್ನು ಹೊಸದಾಗಿ ಗೊತ್ತುಮಾಡಿದರು. ತಲೆಸುತ್ತು ಹೋಯಿತು.

ಈ ಫೋನಿನ ಬಗ್ಗೆ ನನ್ನ ವೃತ್ತಿಯ ಕೆಲವರು ಆಕ್ಷೇಪ ಎತ್ತಿದ್ದಾರೆ. ಆಪ್ತಸಲಹೆಗಾರರು ಭಾವನೆಯ ಜೊತೆ ಕೆಲಸ ಮಾಡಬೇಕು, ಔಷಧಿಯ ವಿಷಯಕ್ಕೆ ಕೈಹಾಕಬಾರದು ಎಂಬುದು ಅವರ ವಾದ. ಯಾವ ಮಾತ್ರೆ ತಗೊಳ್ಳಿ, ಯಾವುದು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಏನು ನುಂಗುತ್ತೀರಿ, ಯಾವಾಗ, ಯಾರು ಹೇಳಿದ್ದು ಎಂದು ಕೇಳುವುದು ಚಿಕಿತ್ಸೆ ಕೊಟ್ಟಂತಲ್ಲ. ಹೃದಯದ ಕಾಯಿಲೆ ಇರುವವರು ಯಾರೇ ಬಂದರೂ, ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಇದನ್ನು ಬಿಡುವ ಯೋಚನೆ ನನಗಿಲ್ಲ. ಅವತ್ತು ನಾನು ಭಾವನೆಯ ಜೊತೆ ಮಾತ್ರ ಕೆಲಸ ಮಾಡಿ, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ, ಆ ರಾತ್ರಿ ಅವರು ಇನ್ನೊಂದು ಮಾತ್ರೆ ನುಂಗುತ್ತಿದ್ದರು.

ಗುಟ್ಟು ಯಾಕೆ ಬೇಕಾಯಿತು? ಅದನ್ನು ಅವರೇ ಆಮೇಲೆ ಹೇಳಿದರು. ಹಿಂದೊಮ್ಮೆ ಸುಸ್ತು ಎಂದಿದ್ದಕ್ಕೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ ಸಿಕ್ಕಿತ್ತು. ಎದೆ ಬಿಗಿ ಎಂದಿದ್ದಕ್ಕೆ ಮನೆಯಲ್ಲಿ ‘ಜಾಸ್ತಿ ಯೋಚನೆ ಮಾಡ್ತೀಯ’ ಎಂದಿದ್ದರು. ತನ್ನ ಮೈಯ ಮಾತನ್ನು ಯಾರೂ ನಂಬದಿದ್ದಾಗ ಮನುಷ್ಯ ಹೇಳುವುದನ್ನು ನಿಲ್ಲಿಸುತ್ತಾನೆ. ತನಗೆ ತೋಚಿದ್ದನ್ನು ಮಾಡಲು ಶುರು ಮಾಡುತ್ತಾನೆ. ಇಂಥ ಗುಟ್ಟಿನ ಪ್ರಯೋಗಗಳ ಹಿಂದೆ ನಾನು ಕಂಡಿರುವುದು ಮೊಂಡುತನಕ್ಕಿಂತ ಜಾಸ್ತಿ ಇದನ್ನೇ.

ಇನ್ನೂ ಒಂದು ಭಯ ಅವರೊಳಗೆ ಆಳವಾಗಿ ಕೂತಿತ್ತು. ಪ್ರತಿ ಸಲ ಎದೆ ಹಿಂಡಿದಾಗಲೂ ಹೃದಯದ ಒಂದು ಚೂರು ಸಾಯುತ್ತದೆ, ಇದು ಸಣ್ಣ ಹಾರ್ಟ್ ಅಟ್ಯಾಕ್ ಎಂದು ನಂಬಿದ್ದರು. ಹಾಗೆ ನಂಬಿದವರು ನಡೆಯುವುದನ್ನೇ ಬಿಡುತ್ತಾರೆ. ಬಿಟ್ಟಷ್ಟೂ ಮೈ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ನಡೆದರೂ ನೋವು ಬರುತ್ತದೆ, ಭಯ ಇನ್ನೂ ಜಾಸ್ತಿಯಾಗುತ್ತದೆ. ನಿಜ ಏನೆಂದರೆ, ಸ್ಥಿರವಾದ ಆಂಜೈನಾದಲ್ಲಿ ಕೆಲಸ ಹೆಚ್ಚಾದಾಗ ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗುವುದಿಲ್ಲ. ನಿಂತರೆ ಬೇಡಿಕೆ ಇಳಿಯುತ್ತದೆ, ನೋವು ಹೋಗುತ್ತದೆ. ಹಾರ್ಟ್ ಅಟ್ಯಾಕ್‌ನಲ್ಲಿ ಆಗುವಂತೆ ಸ್ನಾಯು ಸಾಯುವುದಿಲ್ಲ. ಇದನ್ನು ಡಾಕ್ಟರ ಬಾಯಿಂದಲೇ ಅವರಿಗೆ ಕೇಳಿಸಿದೆ. ನಾನು ಹೇಳಿದ್ದರೆ ಸಮಾಧಾನಕ್ಕೆ ಹೇಳಿದ್ದು ಅಂದುಕೊಳ್ಳುತ್ತಿದ್ದರು, ಅಲ್ವಾ?

ಇದು ಒಬ್ಬರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಆಂಜೈನಾಕ್ಕೆ ಕೊಡುವ, ನೈಟ್ರೇಟ್ ಗುಂಪಿನ ಐಸೊಸಾರ್ಬೈಡ್ ಮಾನೊನೈಟ್ರೇಟ್ ಅನ್ನು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಎಂದು ಬರೆದುಕೊಟ್ಟರೆ, ಸಮನಾದ ಅಂತರ ಇರಲಿ ಎಂದು ಬೆಳಿಗ್ಗೆ 8, ರಾತ್ರಿ 8 ಮಾಡಿಕೊಳ್ಳುವವರಿದ್ದಾರೆ. ನೈಟ್ರೇಟ್ ದಿನವಿಡೀ ಮೈಯಲ್ಲಿದ್ದರೆ ರಕ್ತನಾಳ ಅದಕ್ಕೆ ಒಗ್ಗಿಹೋಗುತ್ತದೆ, ಮಾತ್ರೆ ಕೆಲಸ ಮಾಡುವುದಿಲ್ಲ. ಅದಕ್ಕೇ ದಿನದಲ್ಲಿ ಸುಮಾರು 10ರಿಂದ 14 ಗಂಟೆ ಬಿಡುವು ಕೊಟ್ಟಿರುತ್ತಾರೆ. ನಾಲಿಗೆ ಕೆಳಗಿಡುವ ಮಾತ್ರೆ ಚಟವಾಗುತ್ತದೆ ಎಂದು ನೋವು ನುಂಗಿಕೊಂಡು ಕೂರುವವರಿದ್ದಾರೆ. ಅದು ಚಟವಾಗುವುದಿಲ್ಲ. ಇನ್ನು ಕೆಲವು ಗಂಡಸರು ಬೀಟಾ ಬ್ಲಾಕರ್‌ನಿಂದ ಗಂಡಹೆಂಡಿರ ಸಂಬಂಧಕ್ಕೆ ತೊಂದರೆಯಾಯಿತು ಎಂದು ಯಾರಿಗೂ ಹೇಳದೆ ಥಟ್ಟನೆ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಆಂಜೈನಾ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಇಲ್ಲವೇ ಗುಟ್ಟಾಗಿ ನಿಮಿರುವಿಕೆಯ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ತರಿಸಿಕೊಳ್ಳುತ್ತಾರೆ. ನೈಟ್ರೇಟ್ ಜೊತೆ ಅದು ಸೇರಿದರೆ ರಕ್ತದೊತ್ತಡ ಪ್ರಾಣಕ್ಕೇ ಅಪಾಯವಾಗುವಷ್ಟು ಬೀಳಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆಯೊಳಗೆ, ಅದೇ ಗುಂಪಿನ ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೊಡುವುದಿಲ್ಲ. ಎದೆನೋವು ಎಂದು ಆಸ್ಪತ್ರೆಗೆ ಹೋದಾಗ ನಾಚಿಕೆಯಿಂದ ಇದನ್ನು ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

ಅಡ್ಡಪರಿಣಾಮಗಳನ್ನು ಹೇಳಿದರೆ ಜನ ಅದನ್ನೇ ನೆನೆಸಿಕೊಂಡು ತರಿಸಿಕೊಳ್ಳುತ್ತಾರೆ, ಹಾಗಾಗಿ ಹೇಳದಿರುವುದೇ ಒಳ್ಳೆಯದು ಎಂಬ ವಾದವೂ ಇದೆ. ಆ ವಾದಕ್ಕೆ ಆಧಾರ ಇಲ್ಲದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 96 ಗಂಡಸರಿಗೆ ಅಟೆನೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟು ನೋಡಿದರು. ಯಾವ ಮಾತ್ರೆ ಎಂದೇ ತಿಳಿಸದವರಲ್ಲಿ ಸುಮಾರು 3%, ಹೆಸರು ಮಾತ್ರ ಹೇಳಿದವರಲ್ಲಿ ಸುಮಾರು 16%, ಲೈಂಗಿಕ ತೊಂದರೆ ಆಗಬಹುದು ಎಂದೂ ಹೇಳಿದವರಲ್ಲಿ ಸುಮಾರು 31% ಜನ ಆ ತೊಂದರೆ ಹೇಳಿಕೊಂಡರು. ನಿರೀಕ್ಷೆಗೆ ಅಷ್ಟು ಶಕ್ತಿ ಇದೆ. ಆದರೂ ಮುಚ್ಚಿಡುವುದಕ್ಕೆ ನಾನು ವಿರೋಧಿ. ಹೇಳದಿದ್ದರೂ ಜನಕ್ಕೆ ಬೇರೆ ಕಡೆಯಿಂದ ತಿಳಿಯುತ್ತದೆ, ಅದೂ ಅರ್ಧಂಬರ್ಧ. ತೊಂದರೆಯ ಹೆಸರು ಹೇಳುವುದರ ಜೊತೆಗೇ ಅದು ಎಷ್ಟು ದಿನ ಇರಬಹುದು, ಬಂದರೆ ಏನು ಮಾಡಬೇಕು ಎಂಬುದನ್ನೂ ಹೇಳಬೇಕು. ನೈಟ್ರೇಟ್ ಶುರು ಮಾಡಿದಾಗ ತಲೆನೋವು ಬರುತ್ತದೆ, ಬಹಳ ಜನಕ್ಕೆ ದಿನ ಕಳೆದಂತೆ ಕಡಿಮೆಯಾಗುತ್ತದೆ, ಆಗದಿದ್ದರೆ ಬದಲಿ ಇದೆ. ಇಷ್ಟು ಗೊತ್ತಿದ್ದವರು ತಾವಾಗಿಯೇ ಮಾತ್ರೆ ಬಿಡುವುದು ಕಡಿಮೆ.

ಆ ತಾಯಿಯ ಜೊತೆ ಕೂತು ಒಂದು ಹಾಳೆ ಬರೆದೆವು. ಪ್ರಶ್ನೆಗಳೆಲ್ಲ ಅವರವೇ. ಯಾಕೆ ಬದಲಾಯಿಸುತ್ತಿದ್ದೀರಿ? ಹಳೆಯದನ್ನು ಯಾವ ದಿನ ನಿಲ್ಲಿಸಬೇಕು, ಹೇಗೆ ಇಳಿಸಬೇಕು? ಎರಡೂ ಒಟ್ಟಿಗೆ ನುಂಗಿದರೆ ಏನಾಗುತ್ತೆ? ನಾಡಿ ಎಷ್ಟಕ್ಕೆ ಇಳಿದರೆ ಫೋನ್ ಮಾಡಲಿ? ರಾತ್ರಿ ಭಯ ಆದರೆ ಏನು ಮಾಡಲಿ? ಕೊನೆಯ ಪ್ರಶ್ನೆ ಬರೆಯಲು ಅವರಿಗೆ ಸಂಕೋಚ. ಅದನ್ನೇ ಮೊದಲು ಕೇಳಿ ಎಂದು ನಾನು ಹಟ ಹಿಡಿದೆ. ಅವರು ಹಳೆ ಮಾತ್ರೆ ನುಂಗುತ್ತಿದ್ದದ್ದು ಆ ಪ್ರಶ್ನೆಗೆ ಉತ್ತರ ಸಿಗದೆ. ಉಳಿದಿದ್ದ ಪಟ್ಟಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದೂ ಹೇಳಿದೆ. ಕಣ್ಣ ಮುಂದೆ ಇದ್ದರೆ ಕೈ ಹೋಗೇ ಹೋಗುತ್ತದೆ. ಅವನ್ನು ಅವರೇ ಡಾಕ್ಟರ ಕೈಗೆ ಕೊಟ್ಟರು. ಹಳೇ ಚೀಟಿಯ ಮೇಲೆ ಅಡ್ಡಗೆರೆ ಎಳೆಸಿಕೊಂಡು ಬಂದರು.

ರಾತ್ರಿಯ ಪ್ರಶ್ನೆಗೆ ಉತ್ತರವನ್ನು ಡಾಕ್ಟರು ಬರೆದುಕೊಟ್ಟರು. ಎದೆ ಹಿಂಡಿದರೆ ಕೂತುಕೊಂಡು ನಾಲಿಗೆ ಕೆಳಗೆ ಮಾತ್ರೆ ಇಡುವುದು. ಕೂತೇ ಇಡಬೇಕು, ಒತ್ತಡ ಇಳಿದು ಬೀಳುವ ಸಾಧ್ಯತೆ ಇದೆ. 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಜಾಸ್ತಿಯಾಗುತ್ತಿದ್ದರೆ ಆಂಬ್ಯುಲೆನ್ಸ್ ಕರೆಯುವುದು. ಸುಮ್ಮನೆ ಕೂತಾಗಲೇ ನೋವು ಬಂದರೆ, ಮೊದಲಿಗಿಂತ ಪದೇ ಪದೇ ಬಂದರೆ, ಹೆಚ್ಚು ಹೊತ್ತು ಇದ್ದರೆ, ಮುಂದಿನ ಭೇಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ. ಅಂಥ ಹೊತ್ತಲ್ಲಿ ನನಗೆ ಫೋನ್ ಮಾಡಬೇಡಿ ಎಂದು ನಾನೂ ಸ್ಪಷ್ಟವಾಗಿ ಹೇಳಿದೆ. ಅದು ಆಪ್ತಸಲಹೆಯ ಹೊತ್ತಲ್ಲ.

ಮಗನಿಗೆ ಈ ಗುಟ್ಟನ್ನು ಅವರೇ ಹೇಳಿದರು. ನಾನು ಹೇಳಲಿಲ್ಲ. ಅವನು ಮೊದಲು ಸಿಟ್ಟಾದ. ‘ಅಮ್ಮನಿಗೆ ಇನ್ನು ಮಾತ್ರೆ ನಾನೇ ಎಣಿಸಿ ಕೊಡ್ತೀನಿ’ ಎಂದ. ಬೇಡ ಎಂದೆ. ಕಾವಲು ಹಾಕಿದರೆ ಇನ್ನೊಂದು ಗುಟ್ಟು ಹುಟ್ಟುತ್ತದೆ. ಅದರ ಬದಲು ದಿನಕ್ಕೊಮ್ಮೆ ‘ಇವತ್ತು ಎದೆ ಹೇಗಿತ್ತಮ್ಮ?’ ಎಂದು ಕೇಳು, ಉತ್ತರ ಏನೇ ಬಂದರೂ ಟೆನ್ಷನ್ ಎಂಬ ಮಾತು ಮಾತ್ರ ಆಡಬೇಡ ಎಂದೆ. ಅವನಿಗೆ ಇದು ಸುಲಭವಾಗಿಲ್ಲ, ಆದರೂ ಕೇಳುತ್ತಿದ್ದಾನೆ.

ಅವರ ಭಯ ಪೂರ್ತಿ ಹೋಗಿಲ್ಲ. ಒಬ್ಬರೇ ಮಲಗಲು ಈಗಲೂ ಹಿಂಜರಿಯುತ್ತಾರೆ. ಡಾಕ್ಟರ ಒಪ್ಪಿಗೆ ಪಡೆದು ದಿನಾ ಸ್ವಲ್ಪ ನಡೆಯುತ್ತಾರೆ, ಎದೆ ಬಿಗಿಯಾದರೆ ನಿಂತು ಮತ್ತೆ ಹೊರಡುತ್ತಾರೆ. ಈಚೆಗೆ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸುವ ಮಾತೆತ್ತಿದರಂತೆ. ಇವರು ಹಾಳೆ ತೆಗೆದು, ಬರೆದುಕೊಂಡ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರಂತೆ. ಎಲ್ಲದಕ್ಕೂ ಉತ್ತರ ಸಿಕ್ಕ ಮೇಲೆ, ಸದ್ಯಕ್ಕೆ ಬೇಡ, ಇನ್ನೊಂದು ತಿಂಗಳು ಹೀಗೇ ನೋಡೋಣ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದ್ದಾರೆ.