ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಲಿವರ್ ವೀಕ್ ಅಂತಾನಾ?

ದಿನಾ ಎರಡು ಎರಡೂವರೆಗೆ ಎಚ್ಚರ ಆಗತ್ತೆ, ಚೈನೀಸ್ ಮೆಡಿಸಿನ್ ಪ್ರಕಾರ ಅದು ಲಿವರ್ ಟೈಮು ಅಂತ ಯಾರೋ ಹೇಳಿದ್ರು, ನಿಜಾನಾ ಅಂತ ಕೇಳಿದೀರ. ಗಡಿಯಾರ ನೋಡಿ ಲಿವರ್ ಕಾಯಿಲೆ ಹೇಳೋಕೆ ಆಗಲ್ಲ, ಹೆದರ್ಕೋಬೇಡಿ. ನಾನು ಕೊಡಗಿನ ಸಿದ್ದಾಪುರದ ಕಡೆಯವನು, ಕಾಫಿ ತೋಟ, ಒಂದೂವರೆ ವರ್ಷ ಇದೇ ಎರಡು ಗಂಟೆ ಕಾಟ ಅನುಭವಿಸಿದೀನಿ.

ಚೈನೀಸ್ ಮೆಡಿಸಿನ್‌ನವರ ಲೆಕ್ಕದಲ್ಲಿ ದಿನದ 24 ಗಂಟೇನ ಎರಡೆರಡು ಗಂಟೆ ಮಾಡಿ ಹನ್ನೆರಡು ಅಂಗಕ್ಕೆ ಹಂಚಿದಾರೆ, ರಾತ್ರಿ 11ರಿಂದ 1 ಪಿತ್ತಕೋಶ, 1ರಿಂದ 3 ಲಿವರ್. ಆದ್ರೆ ಅವರು ಲಿವರ್ ಅನ್ನೋದು ಲ್ಯಾಬ್ ರಿಪೋರ್ಟಿನ ಲಿವರ್ ಅಲ್ಲ, ಸಿಟ್ಟು, ಒಳಗೇ ನುಂಗ್ಕೊಂಡಿದ್ದು ಎಲ್ಲಾ ಅದರ ಖಾತೆಗೇ ಹೋಗತ್ತೆ. ನಮ್ಮ ಕೊಡಗಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪು ಅನ್ನೋ ಸೊಪ್ಪಿನ ರಸದಲ್ಲಿ ಪಾಯಸ ಮಾಡ್ತೀವಿ, ಅವತ್ತು ಅದರಲ್ಲಿ ಹದಿನೆಂಟು ಥರ ಔಷಧಿ ಸೇರಿರತ್ತೆ ಅಂತಾರಲ್ಲ, ಹಾಗೆ. ಪಾಯಸ ಖುಷಿಯಾಗಿ ತಿಂತೀವಿ, ಹದಿನೆಂಟನ್ನೂ ಎಣಿಸೋಕೆ ಹೋಗಲ್ಲ.

ನಂಗೆ ಅದರಲ್ಲಿ ಇಷ್ಟ ಆಗಿದ್ದು ಬೇರೆ. ನಿದ್ದೆ ಬರದೇ ಇರೋದನ್ನ ಅವರು ಒಂದೇ ಕಾಯಿಲೆ ಅಂತ ನೋಡಲ್ಲ. ಯೋಚನೆ ಓಡ್ತಾ ಇದ್ದು ಕಣ್ಣೇ ಮುಚ್ಚದವರು ಬೇರೆ, ನಡುರಾತ್ರಿ ಏಳೋರು ಬೇರೆ, ಹೊಟ್ಟೆ ಭಾರ ಆಗಿ ಹೊರಳಾಡೋರು ಬೇರೆ. ಮೈಸೂರಲ್ಲಿ ಅಕ್ಯುಪಂಕ್ಚರ್ ಮಾಡೋರೊಬ್ಬರ ಹತ್ರ ಹೋದಾಗ ಸೂಜಿ ಮುಟ್ಟೋಕೆ ಮುಂಚೆ ಅರ್ಧ ಗಂಟೆ ಬರೀ ಪ್ರಶ್ನೆ, ನಾಲಿಗೆ ನೋಡಿದ್ರು, ಎರಡೂ ಕೈಯ ನಾಡಿ ಹಿಡಿದ್ರು, ಕೊನೇ ಕಾಫಿ ಎಷ್ಟು ಗಂಟೆಗೆ ಅಂದ್ರು. ತೋಟದಿಂದ ಬಂದು ಆರೂವರೆಗೆ ಒಂದು ದೊಡ್ಡ ಲೋಟ ಬೆಲ್ಲದ ಕಾಫಿ, ಅದೂ ಮನೇದೇ ರೋಬಸ್ಟಾ ಪುಡಿ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಹತ್ತತ್ರ ಡಬಲ್, ಐದು ಗಂಟೆ ಕಳೆದ್ರೂ ಅರ್ಧ ಮೈಯಲ್ಲೇ ಇರತ್ತೆ. ಕಾಫಿ ಬೆಳೆಯೋನಿಗೆ ಇದು ಗೊತ್ತಿರ್ಲಿಲ್ಲ ನೋಡಿ!

ಆರು ಸಲ ಸೂಜಿ ಹಾಕಿಸ್ಕೊಂಡೆ, ಆ ರಾತ್ರಿಗಳಲ್ಲಿ ಚೆನ್ನಾಗಿ ನಿದ್ದೆ ಬಂತು, ಆದ್ರೆ ಅದು ಸೂಜಿಯಿಂದಾನಾ ಅಥವಾ ಅರ್ಧ ಗಂಟೆ ಫೋನ್ ಇಲ್ದೆ ಸುಮ್ನೆ ಮಲಗಿದ್ದರಿಂದಾನಾ ಅಂತ ಕೇಳಿದ್ರೆ ನಾನು ಎರಡನೇದಕ್ಕೇ ಓಟು ಹಾಕ್ತೀನಿ.

ಈಗ್ಲೂ ಬಿಡದೆ ಮಾಡೋದು ಇಷ್ಟು. ಮಲಗೋಕೆ ಮುಂಚೆ ಹಂಡೆಯಿಂದ ಬಿಸಿನೀರು ಬಕೆಟ್‌ಗೆ ಬಗ್ಗಿಸಿ ಹದ ಮಾಡ್ಕೊಂಡು ಹದಿನೈದು ನಿಮಿಷ ಕಾಲು ಇಟ್ಕೊಂಡು ಕೂರೋದು (ಶುಗರ್ ಇರೋರು ಮೊದಲು ಬೇರೆಯವರ ಕೈಯಲ್ಲಿ ನೀರು ಮುಟ್ಟಿಸಿ ನೋಡಿ, ಕಾಲಿಗೆ ಬಿಸಿ ಗೊತ್ತಾಗ್ದೆ ಸುಟ್ಕೋಬಹುದು). ಆಮೇಲೆ ಶೆನ್‌ಮೆನ್ ಅನ್ನೋ ಅಕ್ಯುಪಂಕ್ಚರ್ ಪಾಯಿಂಟು, ಅಂಗೈ ಮಣಿಕಟ್ಟು ಸೇರೋ ಗೆರೆಯಲ್ಲಿ ಕಿರುಬೆರಳ ಕಡೆ ಒಂದು ಸಣ್ಣ ಗುಳಿ ಸಿಗತ್ತೆ, ಅಲ್ಲಿ ಹೆಬ್ಬೆರಳಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಉಸಿರು ನಿಧಾನಕ್ಕೆ ಬಿಡೋದು. ಪಾದದ ಗಂಟಿನ ಒಳಬದಿಯ ಉಬ್ಬು ಮೂಳೆಯಿಂದ ನಾಲ್ಕು ಬೆರಳು ಮೇಲೆ ಇನ್ನೊಂದು ಪಾಯಿಂಟಿದೆ, ಬಸುರಿಯರು ಅದನ್ನ ಒತ್ತಬಾರದು ಅಂತಾರೆ.

ಮಲಗಿದ ಮೇಲೆ ಕಾಲ್ಬೆರಳಿಂದ ಶುರು ಮಾಡಿ ಒಂದೊಂದೇ ಭಾಗ ಬಿಗಿ ಮಾಡಿ ಸಡಿಲ ಬಿಡ್ತೀನಿ. ಇದು ಚೀನಾದ್ದಲ್ಲ, ಜೇಕಬ್ಸನ್ ಅಂತ ಅಮೆರಿಕದ ಡಾಕ್ಟರದ್ದು. ಮೊದಲ ಸಲ ದವಡೆಗೆ ಬಂದಾಗ ಬಿಗಿ ಮಾಡೋಕೆ ಏನೂ ಉಳಿದಿರ್ಲಿಲ್ಲ, ಆಗ್ಲೇ ಹಲ್ಲು ಕಚ್ಕೊಂಡು ಮಲಗಿದ್ದೆ! ಆಗ ಹೊಳೀತು. ಹಿಂದಿನ ಹಲಸಿನ ಸೀಸನ್ನಲ್ಲಿ ಆನೆಗಳು ತೋಟಕ್ಕೆ ನುಗ್ತಿದ್ದಿದ್ದು ಇದೇ ಹೊತ್ತಿಗೆ, ತೋಟದ ಕೆಲಸದವರ ಲೈನ್ ಮನೆ ಕಡೆಯಿಂದ ಪಟಾಕಿ ಸದ್ದು ಕೇಳಿ ಎದ್ದು ಎದ್ದು, ಆನೆ ಹೋದ್ರೂ ಕಿವಿ ಮಾತ್ರ ಅಂಗಳದಲ್ಲೇ ಉಳ್ಕೊಂಡಿತ್ತು. ಪಾಪ ಲಿವರ್ ಏನ್ ಮಾಡಿತ್ತು.

ಚೀನಾ ಕಷಾಯ ಆನ್‌ಲೈನಲ್ಲಿ ತರಿಸೋ ಯೋಚನೆ ಇದ್ರೆ ಬೇಡ. ಸುವಾನ್ ಝಾವೋ ರೆನ್ ತಾಂಗ್ ಅಂತ ಜಾಂಗ್ ಝೋಂಗ್‌ಜಿಂಗ್ ಅನ್ನೋ ವೈದ್ಯ ಸುಮಾರು 1800 ವರ್ಷದ ಹಿಂದೆ ಬರೆದಿಟ್ಟ ನಿದ್ದೆಯ ಕಷಾಯ ಇದೆ, ನಮ್ಮ ಬೋರೆಹಣ್ಣಿನ ಸಂಬಂಧಿ ಗಿಡದ ಬೀಜ ಅದರಲ್ಲಿ ಮುಖ್ಯ, ಜೊತೆಗೆ ಅತಿಮಧುರ, ಅದು ಜಾಸ್ತಿ ಆದ್ರೆ ಬಿಪಿ ಏರತ್ತೆ. ಇಲ್ಲಿ ಪಕ್ಕದ ಬೈಲಕುಪ್ಪೆಯಲ್ಲಿ ಸಿಗತ್ತೆ ಅಂತಾನೂ ಹೇಳ್ತಾರೆ, ಅಲ್ಲಿರೋದು ಟಿಬೆಟಿನ ಸೋವಾ ರಿಗ್ಪಾ, ಅದು ಬೇರೆ ಪದ್ಧತಿ.

ಗೊರಕೆ ಜೋರಿದ್ದು ಉಸಿರು ಕಟ್ಟಿದ ಹಾಗೆ ಏಳ್ತಿದ್ರೆ ಡಾಕ್ಟರ್ ಹತ್ರಾನೇ ಹೋಗಿ, ನಿದ್ದೆ ಮಾತ್ರೆ ತಗೊಳ್ತಿದ್ರೆ ತಟ್ಟಂತ ನಿಲ್ಲಿಸ್ಬೇಡಿ. ಅಂದ ಹಾಗೆ ಸಂಜೆ ಕಾಫಿ ಎಷ್ಟು ಗಂಟೆಗೆ ಕುಡೀತೀರ ಅಂತ ನೀವು ಬರೆದೇ ಇಲ್ಲ.