ಮನೆಯಲ್ಲೇ ಮಾಡಿದ ಮಿಲ್ಲಿಂಗ್ ಮಷಿನ್‌ಗೆ ಮೋಟಾರ್: ಕಿಲೋವ್ಯಾಟ್ ಆಮೇಲೆ, ಮೊದಲು ಆರ್‌ಪಿಎಂ

ನಮಸ್ಕಾರ ಸರ್. ಫ್ರೇಮ್ ವೆಲ್ಡಿಂಗ್ ಮುಗಿದಿದೆ, 20 ಎಂಎಂ ಲೀನಿಯರ್ ರೈಲ್ ಕೂತಿದೆ, ಅಡಿಕೆ ಸುಲಿಯುವ ಯಂತ್ರದ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಬಿಡಿಭಾಗಗಳನ್ನು ಮನೆಯಲ್ಲೇ ಮಿಲ್ ಮಾಡಬೇಕು, ಅಂದರೆ ತಿರುಗುವ ಕಟ್ಟರ್‌ನಿಂದ ಕೊರೆದು ಆಕಾರ ಕೊಡಬೇಕು, ಆಗೊಮ್ಮೆ ಈಗೊಮ್ಮೆ ಅಲ್ಯೂಮಿನಿಯಂ ಪ್ಲೇಟ್ ಅಂತ ಬರೆದಿದ್ದೀರಿ. ಅಂಗಡಿಯವರು 2.2 ಕಿಲೋವ್ಯಾಟ್, 24,000 ಆರ್‌ಪಿಎಂನ (ನಿಮಿಷಕ್ಕೆ ಅಷ್ಟು ಸುತ್ತು) ವಾಟರ್ ಕೂಲ್ಡ್ ಸ್ಪಿಂಡಲ್ ತಗೊಳ್ಳಿ ಅಂದಿದ್ದಾರೆ. ಸ್ಪಿಂಡಲ್ ಅಂದರೆ ಕಟ್ಟರ್ ಹಿಡಿದು ತಿರುಗುವ ಭಾಗ, ಇದರಲ್ಲಿ ಮೋಟಾರ್ ಒಳಗೇ ಇರುತ್ತೆ. ತಗೋಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಬೇಡ ಸರ್. ಮರ, ಎಂಡಿಎಫ್, ಅಕ್ರಿಲಿಕ್ ಕೆಲಸಕ್ಕೆ ಅದು ಒಳ್ಳೆಯ ಮಾಲು. ಅಲ್ಯೂಮಿನಿಯಂಗೂ ನಡೆಯುತ್ತೆ. ನಿಮ್ಮದು ಹೆಚ್ಚಾಗಿ ಎಂಎಸ್, ಅಲ್ವಾ?

ಕಟ್ಟರ್‌ನ ಹಲ್ಲು ನಿಮಿಷಕ್ಕೆ ಎಷ್ಟು ಮೀಟರ್ ಓಡಬೇಕು ಅನ್ನೋದರಿಂದ ಲೆಕ್ಕ ಶುರು ಮಾಡಿ. ಎಂಎಸ್ ಮೇಲೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರ್ ಆದರೆ ಸುಮಾರು 25 ಮೀಟರ್, ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಆದರೆ 80ರ ಆಸುಪಾಸು. ಅದನ್ನು 1000ದಿಂದ ಗುಣಿಸಿ, 3.14ರಿಂದ ಭಾಗಿಸಿ, ಮತ್ತೆ ಕಟ್ಟರ್‌ನ ಎಂಎಂ ಅಳತೆಯಿಂದ ಭಾಗಿಸಿ. ಬರೋದೇ ಆರ್‌ಪಿಎಂ. 6 ಎಂಎಂ ಎಚ್‌ಎಸ್‌ಎಸ್‌ಗೆ 1,300, ಕಾರ್ಬೈಡ್‌ಗೆ 4,200. 10 ಎಂಎಂ ಎಚ್‌ಎಸ್‌ಎಸ್ ಆದರೆ 800 ಸಾಕು. ಅದೇ 6 ಎಂಎಂ ಕಟ್ಟರ್ 24,000ದಲ್ಲಿ ತಿರುಗಿದರೆ ಹಲ್ಲಿನ ವೇಗ 450 ಮೀಟರ್. ಎಚ್‌ಎಸ್‌ಎಸ್ ಆಗಿದ್ದರೆ ಎಂಎಸ್‌ಗೆ ತಾಗಿದ ಕೂಡಲೇ ತುದಿ ನೀಲಿಯಾಗಿ ಹಲ್ಲು ಸವೆದು ಹೋಗುತ್ತೆ.

ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ಮೋಟಾರ್ ವೇಗ ಹೊಂದಿಸುವ ಪೆಟ್ಟಿಗೆ) ಇದೆಯಲ್ಲ, ವೇಗ ಇಳಿಸಿದರಾಯ್ತು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆ 2.2 ಕಿಲೋವ್ಯಾಟ್ ಸಿಗೋದು 24,000ದಲ್ಲಿ ಮಾತ್ರ. ಟಾರ್ಕ್ (ತಿರುಗಿಸುವ ಬಲ) ಸುಮಾರು 0.9 ನ್ಯೂಟನ್ ಮೀಟರ್, ವೇಗ ಇಳಿಸಿದರೂ ಅದು ಅಷ್ಟೇ. 3,000ಕ್ಕೆ ಇಳಿಸಿದರೆ ಕೈಗೆ ಬರೋದು 275 ವ್ಯಾಟ್. 1,300ಕ್ಕೆ ಇಳಿಸಿದರೆ 120, ಅದೂ ಕಾಗದದ ಮೇಲೆ. ನಮ್ಮ ಸಾಮಾನ್ಯ 1 ಎಚ್‌ಪಿ, 1,440 ಆರ್‌ಪಿಎಂ ತ್ರೀ ಫೇಸ್ ಮೋಟಾರ್ 5 ನ್ಯೂಟನ್ ಮೀಟರ್ ಕೊಡುತ್ತೆ. ಎಂಎಸ್‌ಗೆ ಬೇಕಿರೋದು ಆ ಹಿಡಿತ.

ನನ್ನ ಮೊದಲ ಸ್ಪಿಂಡಲ್ ಕೂಡ ಈ ಜಾತಿಯದ್ದೇ, 1.5 ಕಿಲೋವ್ಯಾಟ್. ಜೊತೆಗೆ ಬಂದ ವಿಎಫ್‌ಡಿಯಲ್ಲಿ ಬೇಸ್ ಫ್ರೀಕ್ವೆನ್ಸಿ (ಪೂರ್ತಿ ವೋಲ್ಟೇಜ್ ಸಿಗುವ ಫ್ರೀಕ್ವೆನ್ಸಿ) 50 ಹರ್ಟ್ಸ್‌ಗೆ ಇತ್ತು. ಈ ಸ್ಪಿಂಡಲ್‌ಗೆ 220 ವೋಲ್ಟ್ ಕೊಡಬೇಕಾದ್ದು 400 ಹರ್ಟ್ಸ್‌ನಲ್ಲಿ. ನಾನು ಏನೂ ನೋಡದೆ ಮೂರು ವೈರ್ ಸಿಗಿಸಿ ಆನ್ ಮಾಡಿದೆ. ಗುಂಯ್ ಅಂತ ನಿಧಾನವಾಗಿ ತಿರುಗಿತು. ಕೈ ಇಟ್ಟರೆ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಮುಟ್ಟೋಕಾಗಲಿಲ್ಲ, ಕೇಬಲ್ ಬುಡದಿಂದ ಸಣ್ಣಗೆ ಹೊಗೆ, ವಾರ್ನಿಷ್ ಸುಟ್ಟ ವಾಸನೆ. ಒಳಗಿಂದ ಮನೆಯವರು "ಏನು ಸೀದಿದೆ?" ಅಂತ ಕೂಗಿದರು. ಏನು ಅಂತ ಹೇಳಲಿ. ಗುಂಪಿನಲ್ಲಿ ಯಾರಾದರೂ ಇದನ್ನೇ ತಗೊಳ್ಳೋರಿದ್ದರೆ, ಮೋಟಾರ್ ಜೋಡಿಸೋ ಮೊದಲೇ ಬೇಸ್ ಮತ್ತು ಮ್ಯಾಕ್ಸಿಮಮ್ ಫ್ರೀಕ್ವೆನ್ಸಿ ಎರಡನ್ನೂ 400ಕ್ಕೆ ಹಾಕಿ. ನೀರಿನ ಪಂಪ್ ಓಡದೆ ಸ್ಪಿಂಡಲ್ ಓಡಿಸಬೇಡಿ.

ನಿಮಗೆ ನಾನು ಹೇಳೋದು: ಸ್ಪಿಂಡಲ್ ಬೇರೆ, ಮೋಟಾರ್ ಬೇರೆ, ನಡುವೆ ಬೆಲ್ಟ್. ಒಳ್ಳೆಯ ಲೇತ್‌ನವರು ಸಿಕ್ಕರೆ ಎರಡು ಟೇಪರ್ ರೋಲರ್ ಅಥವಾ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಹಾಕಿ, ಇಆರ್20 ಕಾಲೆಟ್ (ಕಟ್ಟರ್ ಬಿಗಿಹಿಡಿಯುವ ತೋಳು) ಕೂರುವ ಸ್ಪಿಂಡಲ್ ಮಾಡಿಸಿ. ದುಡ್ಡು ಖರ್ಚು ಮಾಡೋದಾದರೆ ಇಲ್ಲಿ ಮಾಡಿ. ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿದರೆ ಮುಳ್ಳು 0.02 ಎಂಎಂಗಿಂತ ಜಾಸ್ತಿ ಅಲ್ಲಾಡಬಾರದು.

ಮೋಟಾರ್‌ಗೆ ನನ್ನ ಮೊದಲ ಆಯ್ಕೆ ಆ 1 ಎಚ್‌ಪಿ ತ್ರೀ ಫೇಸೇ. ಮನೆಯ ಸಿಂಗಲ್ ಫೇಸ್ ಕರೆಂಟನ್ನು ವಿಎಫ್‌ಡಿ ತ್ರೀ ಫೇಸ್ ಮಾಡಿಕೊಡುತ್ತೆ, ವೋಲ್ಟೇಜ್ ಮಾತ್ರ ಮನೆಯದ್ದೇ. ಆದರೆ ನೇಮ್‌ಪ್ಲೇಟಲ್ಲಿ 415 ವೋಲ್ಟ್ ಸ್ಟಾರ್ ಅಂತಿದ್ದರೆ ಹಾಗೇ ಸಿಗಿಸಬೇಡಿ, ದಮ್ಮು ಇರಲ್ಲ. ಸ್ಟಾರ್, ಡೆಲ್ಟಾ ಅಂದರೆ ಒಳಗಿನ ವೈಂಡಿಂಗ್ ಜೋಡಿಸುವ ಎರಡು ರೀತಿ. ಡೆಲ್ಟಾ ಮಾಡಿದರೆ ಅದೇ ಮೋಟಾರ್ 240 ವೋಲ್ಟ್‌ಗೆ ಬರುತ್ತೆ. ಟರ್ಮಿನಲ್ ಬಾಕ್ಸಲ್ಲಿ ಆರು ತುದಿ ಇದ್ದರೆ ಪಟ್ಟಿ ಬದಲಿಸಿದರೆ ಮುಗಿಯಿತು. ಮೂರೇ ಇದ್ದರೆ ಪಂಪ್ ವೈಂಡಿಂಗ್ ಅಂಗಡಿಗೆ ಒಯ್ದು "ಸ್ಟಾರ್ ಪಾಯಿಂಟ್ ಬಿಚ್ಚಿ ಆರು ವೈರ್ ಹೊರಗೆ ತೆಗೆದುಕೊಡಿ" ಅನ್ನಿ. ಅವರಿಗೆ ಇದು ದಿನದ ಕೆಲಸ. 10-15 ಕೆಜಿ ತೂಕ ಇರುತ್ತೆ, ನಿಮ್ಮ ಝಡ್ ಆಕ್ಸಿಸ್ (ಮೇಲೆ ಕೆಳಗೆ ಚಲಿಸುವ ಭಾಗ) ಅದನ್ನು ಎತ್ತುತ್ತಾ ನೋಡಿಕೊಳ್ಳಿ. ತುಂಬ ನಿಧಾನ ಓಡಿಸಿದರೆ ಹಿಂದಿನ ಫ್ಯಾನ್ ಗಾಳಿ ಸಾಲಲ್ಲ, ಅದಕ್ಕೇ ಎರಡು ಮೆಟ್ಟಿಲಿನ ಪುಲ್ಲಿ ಹಾಕಿ.

ತೂಕ ಜಾಸ್ತಿಯಾಯ್ತು ಅಂದರೆ ಗಾರ್ಮೆಂಟ್ಸ್ ಹೊಲಿಗೆ ಮಷಿನ್‌ನ ಸರ್ವೋ ಮೋಟಾರ್ ನೋಡಿ. 550 ಅಥವಾ 750 ವ್ಯಾಟ್, 4,500 ಆರ್‌ಪಿಎಂ ತನಕ ಹೋಗುತ್ತೆ, ಸಿಂಗಲ್ ಫೇಸ್, ಸದ್ದೂ ಕಮ್ಮಿ. ಇದನ್ನು ಓಡಿಸೋದು ಕಾಲಿನ ಪೆಡಲ್, ಹಾಗಾಗಿ ಒತ್ತದೆಯೇ ಓಡಲಿ ಅಂತ ಪೆಡಲ್ ಕೊಂಡಿಯನ್ನು ಬೋಲ್ಟ್ ಹಾಕಿ ಎಳೆದು ನಿಲ್ಲಿಸ್ತಾರೆ. ಇಲ್ಲೊಂದು ಅಪಾಯ ಇದೆ. ಕರೆಂಟ್ ಹೋಗಿ ಬಂದಾಗ ಮೋಟಾರ್ ತಾನೇ ಶುರುವಾಗಬಹುದು, ಆಗ ನಿಮ್ಮ ಬೆರಳು ಕಟ್ಟರ್ ಹತ್ತಿರ ಇರಬಹುದು. ಕರೆಂಟ್ ಹೋದರೆ ಬಿಟ್ಟುಕೊಂಡು, ಹಸಿರು ಬಟನ್ ಒತ್ತಿದರೆ ಮಾತ್ರ ಹಿಡಿಯುವ ಸ್ಟಾರ್ಟರ್ ಹಾಕಲೇಬೇಕು.

ಸ್ಪಿಂಡಲ್ ಬದಲು ಡ್ರಿಲ್ ಮಷಿನನ್ನೇ ಕಟ್ಟೋ ಐಡಿಯಾ ಇದ್ದರೆ ಬಿಡಿ. ಅದರ ಬೇರಿಂಗ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ, ಚಕ್ಕಿನಿಂದ ಕಟ್ಟರ್ ಜಾರಿ ಕೆಳಗಿಳಿಯುತ್ತೆ. ಟ್ರೆಡ್‌ಮಿಲ್ ಮೋಟಾರ್ ಪರವಾಗಿಲ್ಲ, ಆದರೆ ಮೈ ತೆರೆದಿರೋದರಿಂದ ಲೋಹದ ಪುಡಿ ಒಳಗೆ ಹೋಗದಂತೆ ಮುಚ್ಚಬೇಕು.

ಇನ್ನು ಅಲ್ಯೂಮಿನಿಯಂ. 4,500ರಲ್ಲಿ 6 ಎಂಎಂ ಎಚ್‌ಎಸ್‌ಎಸ್ ಹಾಕಿದರೆ 85 ಮೀಟರ್ ಬರುತ್ತೆ. ಕೆಲಸ ಸ್ವಲ್ಪ ನಿಧಾನ, ಅಷ್ಟೇ. ಸೀಮೆಎಣ್ಣೆ ಹನಿಸುತ್ತಾ ಹೋಗಿ, ಪುಡಿ ಕಟ್ಟರ್‌ಗೆ ಅಂಟಲ್ಲ.

ಶೆಡ್‌ನಲ್ಲಿ ಹಳೇ ಮೋಟಾರ್ ಬಿದ್ದಿದ್ದರೆ ಹೊಸದು ತಗೊಳ್ಳೋ ಮೊದಲು ಅದರ ನೇಮ್‌ಪ್ಲೇಟ್ ಉಜ್ಜಿ ಫೋಟೋ ಹಾಕಿ. ಟರ್ಮಿನಲ್ ಬಾಕ್ಸ್ ತೆಗೆದು ಒಂದು ಫೋಟೋ. ಪುಲ್ಲಿ ಅಳತೆ ಆಮೇಲೆ ಲೆಕ್ಕ ಹಾಕೋಣ.