ಇನ್ನೂರ ನಲವತ್ತಾರು ರಿಫ್ ನಿಜವಾ?

ಪ್ರಶ್ನೆ: ಥ್ರ್ಯಾಶ್ ಮೆಟಲ್ (ತುಂಬಾ ವೇಗದ, ಅಬ್ಬರದ ರಾಕ್ ಸಂಗೀತ) ತಂಡಗಳಲ್ಲಿ ಸ್ಲೇಯರ್, ಮೆಟಾಲಿಕಾ ಎಲ್ಲರಿಗೂ ಗೊತ್ತು. ಅದೇ ಕಾಲದ ಡಾರ್ಕ್ ಏಂಜೆಲ್ ಯಾಕೆ ಅಷ್ಟು ದೊಡ್ಡದಾಗಲಿಲ್ಲ? ಅವರ ಒಂದೇ ಆಲ್ಬಂನಲ್ಲಿ 246 ರಿಫ್ ಇವೆಯಂತೆ, ನಿಜವಾ? ಯಾವುದರಿಂದ ಕೇಳಲು ಶುರು ಮಾಡಲಿ?

ಉತ್ತರ: ಎಣಿಸಿ ನೋಡಿದ್ದೀನಿ ಅಂತ ಸುಳ್ಳು ಹೇಳಲ್ಲ! ಆದರೆ ಆ ಮಾತು ಅಭಿಮಾನಿಗಳು ಹುಟ್ಟಿಸಿದ್ದಲ್ಲ. 1991ರಲ್ಲಿ 'ಟೈಮ್ ಡಸ್ ನಾಟ್ ಹೀಲ್' ಬಂದಾಗ ಅದರ ಮೇಲಿದ್ದ ಸ್ಟಿಕ್ಕರೇ 9 ಹಾಡು, 67 ನಿಮಿಷ, 246 ರಿಫ್ ಅಂತ ಸಾರುತ್ತಿತ್ತು. ರಿಫ್ ಅಂದರೆ ಹಾಡಿನಲ್ಲಿ ಗಿಟಾರ್ ಮತ್ತೆ ಮತ್ತೆ ನುಡಿಸುವ ತುಣುಕು. ಲೆಕ್ಕ ಹಾಕಿ, ಸುಮಾರು 16 ಸೆಕೆಂಡಿಗೊಂದು ಹೊಸ ರಿಫ್. ಒಂದು ಕಿವಿಗೆ ಕೂರುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ನನಗಂತೂ ಅದು ಸ್ವಲ್ಪ ಜಾಸ್ತಿಯೇ ಆಯಿತು.

ಇವರು ಲಾಸ್ ಏಂಜಲೀಸ್ ಪಕ್ಕದ ಡೌನಿ ಊರಿನ ಹುಡುಗರು. 1981ರಲ್ಲಿ ಶೆಲ್ ಶಾಕ್ ಅನ್ನೋ ಹೆಸರಲ್ಲಿ ಶುರು ಮಾಡಿದರು, ಆಮೇಲೆ ಡಾರ್ಕ್ ಏಂಜೆಲ್ ಆದರು. ತಂಡದ ದಿಕ್ಕು ಬದಲಾಗಿದ್ದು ಡ್ರಮ್ಮರ್ ಜೀನ್ ಹೋಗ್ಲನ್ ಬಂದ ಮೇಲೆ. ಆತ ಅದಕ್ಕೂ ಮುಂಚೆ ಸ್ಲೇಯರ್ ಕಾರ್ಯಕ್ರಮಗಳಲ್ಲಿ ಲೈಟಿಂಗ್ ನೋಡಿಕೊಳ್ಳುತ್ತಿದ್ದ. 1986ರ ಕೊನೆಗೆ 'ಡಾರ್ಕ್‌ನೆಸ್ ಡಿಸೆಂಡ್ಸ್' ಹೊರಬಂದಾಗ ಅವನಿಗೆ ಬರೀ 19 ವರ್ಷ. ಆ ವಯಸ್ಸಿಗೆ ಆ ವೇಗ, ಆ ಕೈಚಳಕ! ಎರಡೂ ಕಾಲಲ್ಲಿ ಬೇಸ್ ಡ್ರಮ್ ಹೊಡೆಯುತ್ತಿದ್ದರೂ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಹೆಸರು ಯಾಕೆ ಬರಲಿಲ್ಲ ಅಂದರೆ, ಮೊದಲನೆಯದಾಗಿ ಆ 1986ನೇ ವರ್ಷವೇ ಸರಿಯಿರಲಿಲ್ಲ ನೋಡಿ. ಮಾರ್ಚ್‌ನಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', ಅಕ್ಟೋಬರ್‌ನಲ್ಲಿ ಸ್ಲೇಯರ್‌ನ 'ರೇನ್ ಇನ್ ಬ್ಲಡ್', ಇವೆರಡರ ಬೆನ್ನಿಗೇ ಇವರದ್ದು. ಸ್ಲೇಯರ್ ಹಿಂದೆ ಡೆಫ್ ಜಾಮ್ ಅನ್ನೋ ರೆಕಾರ್ಡ್ ಕಂಪನಿ, ನಿರ್ಮಾಪಕ ರಿಕ್ ರೂಬಿನ್ ಇದ್ದರು. ಇವರದ್ದು ಕಾಂಬ್ಯಾಟ್ ಅನ್ನೋ ಸಣ್ಣ ಕಂಪನಿ. ಜೊತೆಗೆ ತಂಡದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಗಾಯಕ ಡಾನ್ ಡೋಟಿ ಹೋದ, ರಾನ್ ರೈನ್‌ಹಾರ್ಟ್ ಬಂದ. 1989ರ 'ಲೀವ್ ಸ್ಕಾರ್ಸ್' ಆದ ಮೇಲೆ, ತಂಡ ಕಟ್ಟಿದವರಲ್ಲಿ ಒಬ್ಬನಾದ ಗಿಟಾರಿಸ್ಟ್ ಜಿಮ್ ಡರ್ಕಿನ್ ಕೂಡ ಬಿಟ್ಟ. ಆ ಆಲ್ಬಂನ ಧ್ವನಿಮುದ್ರಣವೋ, ಒಳ್ಳೆ ಹಾಡುಗಳನ್ನು ಕಂಬಳಿ ಹೊದಿಸಿ ಕೇಳಿಸಿದ ಹಾಗಿದೆ. ಕೊನೆಗೆ 1991ರಲ್ಲಿ ಮೆಟಾಲಿಕಾದವರೇ ವೇಗ ಇಳಿಸಿದರು, ನಿರ್ವಾಣ ಅನ್ನೋ ರಾಕ್ ತಂಡ ಬಂದು ಜನರ ರುಚಿಯೇ ಬದಲಾಯಿತು. ಅಂಥ ಹೊತ್ತಲ್ಲಿ 246 ರಿಫ್ ಯಾರಿಗೆ ಬೇಕು? 1992ರಲ್ಲಿ ತಂಡ ಒಡೆಯಿತು. ಹೋಗ್ಲನ್ ಮಾತ್ರ ಡೆತ್, ಟೆಸ್ಟಮೆಂಟ್ ಅಂತ ಬೇರೆ ಬೇರೆ ತಂಡಗಳಲ್ಲಿ ನುಡಿಸಿ ದೊಡ್ಡ ಹೆಸರಾದ. 2013ರಲ್ಲಿ ಮತ್ತೆ ಒಟ್ಟಾದರು, ಡರ್ಕಿನ್ ಕೂಡ ಬಂದ. 2023ರಲ್ಲಿ ಆತ ತೀರಿಕೊಂಡ.

ಶುರು ಮಾಡೋದು 'ಡಾರ್ಕ್‌ನೆಸ್ ಡಿಸೆಂಡ್ಸ್'ನಿಂದಲೇ. ಏಳೇ ಹಾಡು. ಮೊದಲು 'ದಿ ಬರ್ನಿಂಗ್ ಆಫ್ ಸೋಡಮ್' ಕೇಳಿ. ತಡೆದುಕೊಂಡರೆ 'ಬ್ಲ್ಯಾಕ್ ಪ್ರಾಫೆಸೀಸ್' ಹಾಕಿ, ಅದು ಎಂಟು ನಿಮಿಷ ದಾಟುತ್ತದೆ. ಸ್ಟಿಕ್ಕರಿನ ಆಲ್ಬಂ ಆಮೇಲೆ. ರಿಫ್ ಎಣಿಸಿದರೆ ಲೆಕ್ಕ ನನಗೂ ಬರೆದು ಕಳಿಸಿ.